ಶಾಲೆ ಯಾತಕ್ಕೆ? ಸಿಲೆಬಸ್ ಬಗ್ಗೆ ಕೊಡಗಿನ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್, ಮೇ ಬಂತು ಅಂದರೆ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ, ಎಲ್ಲಿ ಹೋದರೂ ಒಂದೇ ಮಾತು: ಮಗುವನ್ನು ಯಾವ ಶಾಲೆಗೆ ಹಾಕೋದು? ಬೋರ್ಡು, ಮೀಡಿಯಂ, ಫೀಸು, ಬಸ್ಸು. ಇಷ್ಟರಲ್ಲೇ ಮಾತು ಮುಗಿಯುತ್ತದೆ. ಶಾಲೆ ಇರೋದೇ ಯಾತಕ್ಕೆ ಅನ್ನೋ ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲ. ನೂರಾರು ವರ್ಷಗಳಿಂದ ಶಿಕ್ಷಣದವರು ಜಗಳ ಆಡುತ್ತಿರುವುದು ಅದರ ಮೇಲೆಯೇ. ನಾನು ಮೇಷ್ಟ್ರ ಕೆಲಸದಲ್ಲಿದ್ದವನು ಅಂತ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳಲ್ಲಿ ನನ್ನ ಒಲವು ಎದ್ದು ಕಾಣುತ್ತದೆ, ಇರಲಿ.

ಸ್ಟೇಟ್, ಸಿಬಿಎಸ್‌ಇ, ಐಸಿಎಸ್‌ಇ: ಯಾವುದು ಒಳ್ಳೆಯದು?

ನೀವು ಅಂದುಕೊಂಡಷ್ಟು ವ್ಯತ್ಯಾಸ ಇಲ್ಲ. ಕರ್ನಾಟಕದ ಹೈಸ್ಕೂಲಿನ ಗಣಿತ, ವಿಜ್ಞಾನದ ಪುಸ್ತಕಗಳು ಈಗ ಎನ್‌ಸಿಇಆರ್‌ಟಿಯವೇ, ಅಂದರೆ ಸಿಬಿಎಸ್‌ಇ ಶಾಲೆಗಳಲ್ಲಿ ಓದಿಸುವ ಕೇಂದ್ರದ ಪುಸ್ತಕಗಳೇ. ಪಿಯುಸಿ ವಿಜ್ಞಾನವೂ ಅದೇ. ಭಾಷೆ, ಸಮಾಜ, ಪ್ರಶ್ನೆಪತ್ರಿಕೆ ಮಾಡುವ ರೀತಿ, ಫೀಸು, ಇವುಗಳಲ್ಲಿ ವ್ಯತ್ಯಾಸ ಇದೆ, ನಿಜ. ಆದರೆ ಒಂದೇ ಬೋರ್ಡಿನ ಎರಡು ಶಾಲೆಗಳ ನಡುವಿನ ಅಂತರ ಎಷ್ಟೋ ಸಲ ಎರಡು ಬೋರ್ಡುಗಳ ನಡುವಿನ ಅಂತರಕ್ಕಿಂತ ಜಾಸ್ತಿ ಇರುತ್ತದೆ.

ಬೋರ್ಡು ಯಾವುದು ಅಂತ ಕೇಳುವ ಮೊದಲು ಹೆಡ್ ಮಾಸ್ಟರನ್ನು ಇನ್ನೊಂದು ಪ್ರಶ್ನೆ ಕೇಳಿ: "ಹತ್ತನೇ ಕ್ಲಾಸ್ ಮುಗಿಸಿ ಹೋಗುವ ಮಗು ಹೇಗಿರಬೇಕು ಅಂತ ನಿಮ್ಮ ಆಸೆ?" "ಹಂಡ್ರೆಡ್ ಪರ್ಸೆಂಟ್ ರಿಸಲ್ಟ್" ಅಂತ ತಕ್ಷಣ ಉತ್ತರ ಬಂದರೆ ಆ ಶಾಲೆಯ ತತ್ವ ಏನು ಅಂತ ಗೊತ್ತಾಯಿತು. ಅದೂ ಒಂದು ತತ್ವವೇ, ಆಮೇಲೆ ಹೇಳುತ್ತೇನೆ.

ಪಠ್ಯಕ್ರಮ ಅಂದರೆ ಪಠ್ಯಪುಸ್ತಕ ತಾನೇ?

ಪುಸ್ತಕ ಅದರ ಒಂದು ತುಂಡು ಮಾತ್ರ. ಏನು ಕಲಿಸಬೇಕು, ಯಾವ ವಯಸ್ಸಿಗೆ, ಯಾವ ಭಾಷೆಯಲ್ಲಿ, ಹೇಗೆ ಪರೀಕ್ಷೆ ಮಾಡಬೇಕು, ಏನನ್ನು ಬಿಡಬೇಕು, ಇದೆಲ್ಲ ಸೇರಿದರೆ ಪಠ್ಯಕ್ರಮ. ಅಮೆರಿಕದ ರಾಲ್ಫ್ ಟೈಲರ್ 1949ರಲ್ಲಿ ಇದನ್ನು ನಾಲ್ಕು ಪ್ರಶ್ನೆಗೆ ಇಳಿಸಿದರು: ಗುರಿ ಏನು, ಅದಕ್ಕೆ ಯಾವ ಅನುಭವ ಕೊಡಬೇಕು, ಅದನ್ನು ಹೇಗೆ ಜೋಡಿಸಬೇಕು, ಗುರಿ ಮುಟ್ಟಿತಾ ಅಂತ ಹೇಗೆ ತಿಳಿಯಬೇಕು. ನಮ್ಮಲ್ಲಿ ಬಿ.ಎಡ್ ಮಾಡಿದ ಎಲ್ಲರೂ ಇದನ್ನು ಓದಿರುತ್ತಾರೆ. ಆದರೆ ಶಾಲೆಯ ಸ್ಟಾಫ್ ಮೀಟಿಂಗ್‌ನಲ್ಲಿ ಕೊನೆಯ ಪ್ರಶ್ನೆಯೊಂದೇ ಚರ್ಚೆಗೆ ಬರುತ್ತದೆ.

ಯಾರೂ ಬರೆದಿಡದ ಪಠ್ಯಕ್ರಮವೂ ಒಂದಿದೆ. 1968ರಲ್ಲಿ ಫಿಲಿಪ್ ಜಾಕ್ಸನ್ ಅದನ್ನು ಗುಪ್ತ ಪಠ್ಯಕ್ರಮ ಅಂತ ಕರೆದರು. ಹಾಡಿಯಿಂದ (ಆದಿವಾಸಿಗಳ ಕೇರಿಯಿಂದ) ಬಂದ ಮಗು ಯಾವಾಗಲೂ ಕೊನೆಯ ಬೆಂಚಿನಲ್ಲಿ ಕೂರುವುದು, ಅತಿಥಿಗಳು ಬಂದರೆ ಕಾಫಿ ತರೋಕೆ ಹುಡುಗಿಯರನ್ನೇ ಕಳಿಸುವುದು, ಕನ್ನಡದಲ್ಲಿ ಮಾತಾಡಿದರೆ ಫೈನ್ ಹಾಕುವುದು, ಇದೆಲ್ಲ ಪಾಠವೇ. ಪೋರ್ಷನ್ ಮುಗಿದಿಲ್ಲ ಅಂತ ಈ ಪಾಠ ಯಾವ ಶಾಲೆಯಲ್ಲೂ ಬಾಕಿ ಉಳಿಯುವುದಿಲ್ಲ.

ಈ ತತ್ವಗಳಲ್ಲಿ ಎಷ್ಟು ಬಗೆ ಇವೆ? ಸುಲಭವಾಗಿ ಹೇಳಿ.

ಪುಸ್ತಕಗಳಲ್ಲಿ ಹತ್ತಾರು ಹೆಸರುಗಳಿವೆ. ನಮಗೆ ನಾಲ್ಕು ಸಾಕು.

ಮೊದಲನೆಯವರು ಜ್ಞಾನದ ಕಡೆಯವರು. ಹಿಂದಿನವರು ಕಷ್ಟಪಟ್ಟು ಗಳಿಸಿದ ಗಣಿತ, ವಿಜ್ಞಾನ, ಸಾಹಿತ್ಯ, ಇತಿಹಾಸವನ್ನು ಮುಂದಿನವರ ಕೈಗೆ ದಾಟಿಸುವುದೇ ಶಾಲೆಯ ಕೆಲಸ ಅನ್ನುತ್ತಾರೆ. ಎರಡನೆಯವರು ಮಗುವಿನ ಕಡೆಯವರು. ಮಗುವಿನ ಕುತೂಹಲದಿಂದ, ಅದರ ಅನುಭವದಿಂದ ಶುರು ಮಾಡಿ ಅನ್ನುತ್ತಾರೆ. ಜಾನ್ ಡ್ಯೂಯಿ 1896ರಲ್ಲಿ ಶಿಕಾಗೊದಲ್ಲಿ ತೆರೆದ ಪ್ರಯೋಗ ಶಾಲೆಯಲ್ಲಿ ಮಕ್ಕಳು ಅಡುಗೆ, ನೇಯ್ಗೆ, ಮರಗೆಲಸ ಮಾಡುತ್ತಲೇ ರಸಾಯನಶಾಸ್ತ್ರಕ್ಕೂ ಇತಿಹಾಸಕ್ಕೂ ಹೋಗುತ್ತಿದ್ದರು. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಮರದ ಕೆಳಗೆ ಶಾಲೆ ನಡೆಸಿದ್ದೂ ಹೆಚ್ಚುಕಮ್ಮಿ ಇದೇ ದಾರಿ. ಮೂರನೆಯವರಿಗೆ ಬೇಕಾದ್ದು ಉಪಯೋಗ. ಸಮಾಜಕ್ಕೆ ಯಾವ ಕೆಲಸಗಾರರು ಬೇಕೋ ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಮಕ್ಕಳನ್ನು ತಯಾರು ಮಾಡಿ ಅನ್ನುತ್ತಾರೆ. 1918ರಲ್ಲಿ ಫ್ರಾಂಕ್ಲಿನ್ ಬಾಬಿಟ್ ಇದನ್ನು ಕಾರ್ಖಾನೆಯ ಲೆಕ್ಕದಲ್ಲೇ ಬರೆದರು. ನಾಲ್ಕನೆಯವರು ಬದಲಾವಣೆಯ ಕಡೆಯವರು. ಇರುವ ಸಮಾಜ ಸರಿ ಇಲ್ಲ, ಅದನ್ನು ಪ್ರಶ್ನೆ ಮಾಡುವ ಮಕ್ಕಳನ್ನು ಬೆಳೆಸಿ ಅನ್ನೋದು ಅವರ ವಾದ. ಬ್ರೆಜಿಲಿನ ಪಾವ್ಲೊ ಫ್ರೇರಿ ಇಲ್ಲಿ ಬರುತ್ತಾರೆ. ನಮ್ಮಲ್ಲಿ 1848ರಲ್ಲೇ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಸಾವಿತ್ರಿಬಾಯಿ, ಜೋತಿಬಾ ಫುಲೆ ಈ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಾರೆ.

ಇದು ಕೊಡಗಿನಲ್ಲಿ ಹೇಗೆ ಕಾಣುತ್ತದೆ ಅಂತ ನೋಡಬೇಕಾದರೆ ಕೂಡಿಗೆಗೆ ಹೋಗಿ. ಅಲ್ಲಿ ಸೈನಿಕ ಶಾಲೆ ಇದೆ, ಕ್ರೀಡಾ ಶಾಲೆ ಇದೆ, ಮೇಷ್ಟ್ರುಗಳಿಗೆ ತರಬೇತಿ ಕೊಡುವ ಡಯಟ್ ಇದೆ. ಒಂದೇ ಊರು. ಒಂದು ಶಿಸ್ತಿನ ಅಧಿಕಾರಿಯನ್ನು ಬಯಸುತ್ತದೆ, ಇನ್ನೊಂದು ಆಟಗಾರನನ್ನು. ಮೂರನೆಯದು ಚಟುವಟಿಕೆಯ ಮೂಲಕ ಕಲಿಸಿ ಅಂತ ಮೇಷ್ಟ್ರುಗಳಿಗೆ ಹೇಳಿಕೊಡುತ್ತದೆ. ಅಲ್ಲಿಂದ ಹೊಳೆ ದಾಟಿದರೆ ಬೈಲುಕುಪ್ಪೆ. 1960ರ ದಶಕದ ಆರಂಭದಲ್ಲಿ ನೆಲೆ ಕಂಡುಕೊಂಡ ಟಿಬೆಟನ್ನರಿಗೆ ತಮ್ಮ ಭಾಷೆ, ತಮ್ಮ ಧರ್ಮ ಉಳಿಸಿಕೊಳ್ಳೋದೇ ಶಾಲೆಯ ದೊಡ್ಡ ಉದ್ದೇಶ. ಶಿಕ್ಷಣ ಯಾತಕ್ಕೆ ಅನ್ನೋದಕ್ಕೆ ಇಷ್ಟು ಹತ್ತಿರ ಹತ್ತಿರದಲ್ಲಿ ಇಷ್ಟು ಬೇರೆ ಬೇರೆ ಉತ್ತರ ಸಿಗುವ ಜಾಗ ಕಮ್ಮಿ.

ಕೊನೆಗೆ ಕೆಲಸ ಸಿಗೋದಕ್ಕೇ ತಾನೇ ಓದೋದು? ತತ್ವ ಎಲ್ಲ ಸುಮ್ನೆ ಮಾತು ಅಲ್ವಾ?

ಕೆಲಸ ಬೇಕು. ಅದನ್ನು ಕೀಳು ಅನ್ನುವವರು ಸಾಮಾನ್ಯವಾಗಿ ಕೆಲಸ ಇರುವವರೇ. ಕಾಫಿ, ಮೆಣಸಿನ ರೇಟು ಬಿದ್ದ ವರ್ಷಗಳನ್ನು ಕಂಡ ತಂದೆತಾಯಿಗೆ, ಮಗ ತಿಂಗಳ ಸಂಬಳದ ಕೆಲಸ ಹಿಡಿಯಲಿ ಅನ್ನಿಸುವುದು ಸಹಜ.

ಆದರೆ ಬರೀ ಅಷ್ಟಕ್ಕೇ ನಿಂತರೆ ಒಂದು ತೊಂದರೆ ಇದೆ. ಇವತ್ತು ಒಂದನೇ ಕ್ಲಾಸಿಗೆ ಸೇರುವ ಮಗು ಕೆಲಸಕ್ಕೆ ಹೋಗೋದು ಹದಿನೈದು-ಹದಿನೆಂಟು ವರ್ಷದ ಮೇಲೆ. ಆಗ ಯಾವ ಕೆಲಸ ಇರುತ್ತದೆ ಅಂತ ಈಗ ಯಾರಿಗೆ ಗೊತ್ತು? ಡಚ್ ಚಿಂತಕ ಗೆರ್ಟ್ ಬಿಯೆಸ್ಟಾ ಶಾಲೆಗೆ ಮೂರು ಕೆಲಸ ಇದೆ ಅನ್ನುತ್ತಾರೆ. ಒಂದು, ಏನಾದರೂ ಮಾಡಬಲ್ಲ ಅರ್ಹತೆ ಕೊಡುವುದು. ಎರಡು, ಸಮಾಜದ ರೀತಿನೀತಿಗೆ ಸೇರಿಸಿಕೊಳ್ಳುವುದು. ಮೂರು, ಮಗು ತನ್ನ ತಲೆಯಲ್ಲಿ ಯೋಚಿಸುವ, ಬೇಡ ಅನಿಸಿದ್ದಕ್ಕೆ ಬೇಡ ಅನ್ನಬಲ್ಲ ಮನುಷ್ಯ ಆಗಲು ಬಿಡುವುದು. ಮೊದಲನೆಯದಕ್ಕೆ ನಮ್ಮಲ್ಲಿ ಟ್ಯೂಷನ್ ಇದೆ. ಎರಡನೆಯದಕ್ಕೆ ಮನೆ, ಐನ್‌ಮನೆ (ಕುಟುಂಬದ ಮೂಲಮನೆ), ದೇವಸ್ಥಾನ, ಚರ್ಚು, ಮಸೀದಿ ಎಲ್ಲ ಇವೆ. ಮೂರನೆಯದಕ್ಕೆ ಶಾಲೆಯನ್ನು ಬಿಟ್ಟರೆ ಬೇರೆ ಜಾಗ ಎಲ್ಲಿದೆ, ಹೇಳಿ.

ಬಾಯಿಪಾಠ ಕೆಟ್ಟದ್ದಾ? ನಾವೆಲ್ಲ ಮಗ್ಗಿ ಹೇಳಿಯೇ ದೊಡ್ಡವರಾದ್ವಲ್ಲ?

ಕೆಟ್ಟದ್ದಲ್ಲ. ಈ ವಿಷಯದಲ್ಲಿ ನಾನು ಹಳೇ ಮೇಷ್ಟ್ರ ಪಕ್ಷ. ಏಳೆಂಟಲ ಐವತ್ತಾರು ಅಂತ ಬಾಯಿಗೆ ಬರದ ಮಗು ಭಿನ್ನರಾಶಿಗೆ ಬಂದಾಗ ಅಲ್ಲೇ ಕೂತುಬಿಡುತ್ತದೆ. ಅರ್ಥ ಗೊತ್ತಿಲ್ಲದೆ ಗೈಡ್ ಉರು ಹೊಡೆಯೋದು ಬೇರೆ, ತಳಪಾಯದ ವಿಷಯಗಳನ್ನು ತಲೆಯಲ್ಲಿ ಇಟ್ಟುಕೊಳ್ಳೋದು ಬೇರೆ.

ಜ್ಞಾನದ ಕಡೆಯವರ ಬಲವಾದ ವಾದ ಒಂದಿದೆ. 1988ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಬೇಸ್‌ಬಾಲ್ ಪಂದ್ಯದ ಬಗ್ಗೆ ಬರೆದ ಒಂದು ತುಣುಕನ್ನು ಶಾಲಾ ಮಕ್ಕಳಿಗೆ ಓದಲು ಕೊಟ್ಟರು. ಓದುವುದರಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಚುರುಕಾಗಿದ್ದೂ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ನಮ್ಮ ಕಡೆ ಇದಕ್ಕೆ ಪ್ರಯೋಗವೇ ಬೇಡ. ಕೊಡವ ಕುಟುಂಬಗಳ ಹಾಕಿ ಟೂರ್ನಿ ನಡೆಯುವಾಗ ಪೇಪರಿನ ವರದಿ ತಂದು ಏಳನೇ ಕ್ಲಾಸಿನಲ್ಲಿ ಓದಿಸಿ. ಪೆನಾಲ್ಟಿ ಕಾರ್ನರ್ ಅಂದರೇನು ಅಂತ ಗೊತ್ತಿರುವ 'ದಡ್ಡ' ಹುಡುಗ ಫಸ್ಟ್ ರ‍್ಯಾಂಕಿನವರಿಗೆ ಅರ್ಥ ಹೇಳುತ್ತಾನೆ. ಓದಿ ಅರ್ಥ ಮಾಡಿಕೊಳ್ಳೋದಕ್ಕೆ ಮೊದಲೇ ಒಂದಿಷ್ಟು ಗೊತ್ತಿರಬೇಕು. ಹಾಗಾಗಿ ವಿಷಯ ಕಮ್ಮಿ ಮಾಡಿ ಬರೀ 'ಕೌಶಲ' ಕಲಿಸುತ್ತೇವೆ ಅನ್ನುವ ಶಾಲೆಯ ಬಗ್ಗೆ ಸ್ವಲ್ಪ ಹುಷಾರಾಗಿರಿ.

ಸರ್ಕಾರಿ ಶಾಲೆಯಲ್ಲಿ ನಲಿಕಲಿ ಅಂತ ಬರೀ ಆಟ ಆಡಿಸ್ತಾರೆ. ಪಾಠ ಯಾವಾಗ?

ಆ ಆಟದಲ್ಲೇ ಪಾಠ ಇದೆ. ಒಂದು ದಿನ ಪರ್ಮಿಷನ್ ತಗೊಂಡು ಒಳಗೆ ಹೋಗಿ ಕೂತು ನೋಡಿ. ಗೋಡೆ ಮೇಲೆ ಕಲಿಕಾ ಏಣಿ ಇರುತ್ತದೆ. ಪ್ರತಿ ಮಗು ಏಣಿಯಲ್ಲಿ ತಾನು ಯಾವ ಮೈಲಿಗಲ್ಲಿನಲ್ಲಿ ಇದ್ದೇನೆ ಅಂತ ನೋಡಿಕೊಂಡು, ಅದಕ್ಕೆ ಸರಿಯಾದ ಕಾರ್ಡ್ ಎತ್ತಿಕೊಂಡು ತನ್ನ ತಟ್ಟೆಗೆ ಹೋಗುತ್ತದೆ. ತಟ್ಟೆ ಅಂದರೆ ಗುಂಪು. ಒಂದು ತಟ್ಟೆಗೆ ಮೇಷ್ಟ್ರ ಪೂರ್ತಿ ಸಹಾಯ, ಇನ್ನೊಂದಕ್ಕೆ ಅರ್ಧ, ಇನ್ನೆರಡರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಮೇಲೆ ಕಟ್ಟಿದ ಚಪ್ಪರದಲ್ಲಿ ಮಕ್ಕಳು ಬರೆದದ್ದು, ಬಿಡಿಸಿದ್ದು ನೇತಾಡುತ್ತಿರುತ್ತದೆ.

ಇದು ಹುಟ್ಟಿದ್ದು ನಮ್ಮ ಪಕ್ಕದಲ್ಲೇ. 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಯ ಪದ್ಧತಿ ನೋಡಿ ಬಂದು, ಯುನಿಸೆಫ್ ನೆರವಿನಿಂದ ಶುರು ಮಾಡಿದರು. ಆಮೇಲೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಬ್ಬರೇ ಮೇಷ್ಟ್ರು, ಮೂರು ಕ್ಲಾಸು ಒಂದೇ ಕೋಣೆಯಲ್ಲಿ ಇರುವ ನಮ್ಮ ಕಾಡಂಚಿನ ಶಾಲೆಗಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಸುಗ್ಗಿ ಟೈಮಿನಲ್ಲಿ ವಾರಗಟ್ಟಲೆ ಶಾಲೆ ತಪ್ಪಿಸಿದ ಮಗು ವಾಪಸ್ ಬಂದರೆ, ಏಣಿಯಲ್ಲಿ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಮಾಮೂಲಿ ಕ್ಲಾಸಿನಲ್ಲಿ ಅದು ಆಗುವುದಿಲ್ಲ.

ದೂರೂ ಇದೆ. ಕಾರ್ಡುಗಳು ಹರಿದಿರುತ್ತವೆ, ಕಳೆದಿರುತ್ತವೆ. ಮೇಷ್ಟ್ರು ಬಿಸಿಯೂಟದ ಲೆಕ್ಕ, ಸರ್ವೆ, ಮೀಟಿಂಗ್ ಅಂತ ಓಡಾಡುತ್ತಿದ್ದರೆ ಪೂರ್ತಿ ಸಹಾಯದ ತಟ್ಟೆಗೆ ಸಹಾಯವೇ ಇರುವುದಿಲ್ಲ. ಆಗ ಅದು ನಿಜಕ್ಕೂ ಬರೀ ಆಟ.

ಕಾಫಿ ಬೆಳೆಯುವ ಊರು ನಮ್ಮದು. ಶಾಲೆಯಲ್ಲಿ ಕಾಫಿ ಬಗ್ಗೆ ಯಾಕೆ ಕಲಿಸಲ್ಲ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಕಲಿಸಬಹುದು ಅನ್ನೋದಕ್ಕೆ ಒಂದು ಉದಾಹರಣೆ. ಶೇಕಡಾವಾರು ಪಾಠ ತೆಗೆದುಕೊಳ್ಳಿ. ಪುಸ್ತಕದಲ್ಲಿ ಯಾರೋ ಒಬ್ಬ ವ್ಯಾಪಾರಿ ಯಾವುದೋ ಪೆನ್ನು ಮಾರುತ್ತಾನೆ. ನಮ್ಮ ಕಣದಲ್ಲಿ ರೊಬಸ್ಟಾ ಕಾಫಿಯ ಚೆರಿ (ಸಿಪ್ಪೆ ಸಮೇತ ಕಾಯಿ) ಒಣಗಿ ಚೀಲ ಸೇರಿದೆ. 50 ಕೆ.ಜಿ. ಚೀಲದಿಂದ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗುತ್ತಾರೆ. ಚೀಲಕ್ಕೆ 28 ಕೆ.ಜಿ. ಬೀಜ ಬರುತ್ತದೆ ಅಂದರೆ ಔಟ್‌ಟರ್ನ್ 28, ಅಂದರೆ ನೂರಕ್ಕೆ 56. ಪಕ್ಕದ ತೋಟದ್ದು 26 ಬಂತು, ನೂರಕ್ಕೆ 52. ಲೆಕ್ಕಕ್ಕೆ ಒಂದು ಪಾಯಿಂಟಿಗೆ, ಅಂದರೆ ಚೀಲದ ಒಂದು ಕೆ.ಜಿ. ಬೀಜಕ್ಕೆ, 300 ರೂಪಾಯಿ ಅಂತ ಇಟ್ಟುಕೊಂಡರೆ ಒಂದು ಚೀಲಕ್ಕೆ 8,400, ಇನ್ನೊಂದಕ್ಕೆ 7,800. ನೂರು ಚೀಲಕ್ಕೆ ವ್ಯತ್ಯಾಸ 60,000 ರೂಪಾಯಿ. ಈಗ ಆ ಎರಡು ಪಾಯಿಂಟು ಯಾಕೆ ಕಮ್ಮಿ ಆಯಿತು? ಕಾಯಿ ಹಸಿರಿದ್ದಾಗಲೇ ಕುಯ್ದರಾ? ಹೂಮಳೆ ಸರಿಯಾಗಿ ಆಗಲಿಲ್ಲವಾ? ಬೆರ‍್ರಿ ಬೋರರ್ ಹುಳ ಬಿದ್ದಿತ್ತಾ? ಶೇಕಡಾವಾರಿನಿಂದ ಜೀವಶಾಸ್ತ್ರಕ್ಕೆ ಬಂದೇಬಿಟ್ಟಿರಿ. ಡ್ಯೂಯಿ ಹೇಳಿದ್ದೂ ಇದನ್ನೇ.

ಹಾಗೇ ಮಳೆ. ಇಲ್ಲಿನ ಎಷ್ಟೋ ತೋಟಗಳ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇದೆ. ದಿನಾ ಬೆಳಗ್ಗೆ ಇಂಚು, ಸೆಂಟು (ಇಂಚಿನ ನೂರನೇ ಒಂದು ಪಾಲು) ಅಂತ ಬರೆದಿಟ್ಟ ಹಳೇ ಡೈರಿಗಳಿವೆ. ಹವಾಮಾನದ ಪಾಠಕ್ಕೆ ಇದಕ್ಕಿಂತ ಒಳ್ಳೇ ಪುಸ್ತಕ ಯಾರು ಪ್ರಿಂಟ್ ಮಾಡುತ್ತಾರೆ?

ಈಗ ಇದರ ಇನ್ನೊಂದು ಮುಖ. ಇದೇ ಕ್ಲಾಸಿನಲ್ಲಿ ತೋಟದ ಮಾಲೀಕರ ಮಗಳೂ ಕೂತಿದ್ದಾಳೆ, ಅದೇ ತೋಟದ ಲೈನ್ ಮನೆಯಿಂದ (ಕೂಲಿಕಾರರ ಸಾಲುಮನೆಯಿಂದ) ಬಂದ ಹುಡುಗನೂ ಕೂತಿದ್ದಾನೆ. "ಇವತ್ತು ಎಲ್ಲರೂ ಕಾಫಿ ಕುಯ್ಯೋದನ್ನ ಕಲಿಯೋಣ" ಅಂದರೆ ಅವಳಿಗೆ ಅದು ಹೊಸ ಅನುಭವ, ಫೋಟೋ ತೆಗೆದು ಸ್ಟೇಟಸ್ ಹಾಕಬಹುದು. ಅವನು ರಜಾ ದಿನದಲ್ಲಿ ಅಮ್ಮನ ಜೊತೆ ಅದನ್ನೇ ಮಾಡಿ ಬಂದಿದ್ದಾನೆ. ಶಾಲೆಗೆ ಬಂದದ್ದು ಅದರಿಂದ ಆಚೆ ಹೋಗೋಕೆ.

ಈ ಜಗಳ ಹೊಸದೇನಲ್ಲ. ಗಾಂಧೀಜಿ 1934ರಲ್ಲಿ ಕೊಡಗಿಗೆ ಬಂದು ಹೋದರು. ಅದಾಗಿ ಮೂರು ವರ್ಷಕ್ಕೆ, 1937ರ ಅಕ್ಟೋಬರಿನಲ್ಲಿ, ವಾರ್ಧಾದಲ್ಲಿ ನಯೀ ತಾಲೀಮ್ ಯೋಜನೆ ಮುಂದಿಟ್ಟರು. ಏಳು ವರ್ಷ ಉಚಿತ ಶಿಕ್ಷಣ, ಮಾತೃಭಾಷೆಯಲ್ಲಿ, ನಡುವೆ ಒಂದು ಕೈಕಸುಬು, ಎಲ್ಲ ವಿಷಯವೂ ಅದರ ಸುತ್ತ. ಜಾಕಿರ್ ಹುಸೇನ್ ಸಮಿತಿ ಅದಕ್ಕೆ ಪಠ್ಯಕ್ರಮ ಮಾಡಿತು. ಕೈಕೆಲಸಕ್ಕೆ ಇರುವ ಕೀಳರಿಮೆ ಹೋಗಬೇಕು ಅನ್ನೋದು ಗಾಂಧೀಜಿಯ ಆಸೆ. ಟೀಕೆ ಮಾಡಿದವರು ಕೇಳಿದ್ದು ಇಷ್ಟೇ: ಚಮ್ಮಾರನ ಮಗನಿಗೆ ಮತ್ತೆ ಚಪ್ಪಲಿ ಹೊಲಿಯೋದನ್ನೇ ಶಾಲೆ ಕಲಿಸಿದರೆ, ಜಾತಿಗೆ ಶಾಲೆಯೂ ಮುದ್ರೆ ಒತ್ತಿದ ಹಾಗೆ ಆಗಲ್ವಾ? ಇಟಲಿಯಲ್ಲಿ ಮುಸೊಲಿನಿಯ ಜೈಲಿನಲ್ಲಿದ್ದ ಆಂಟೋನಿಯೊ ಗ್ರಾಮ್ಶಿಯೂ ಇಂಥದ್ದೇ ಮಾತು ಬರೆದರು. ಬಡವರ ಮಕ್ಕಳಿಗೆ ಕಸುಬಿನ ಶಾಲೆ, ಉಳ್ಳವರ ಮಕ್ಕಳಿಗೆ ಸಾಹಿತ್ಯ-ತತ್ವಶಾಸ್ತ್ರ ಅಂತ ಬೇರೆ ಮಾಡಿದರೆ, ನೋಡೋಕೆ ಪ್ರಜಾಪ್ರಭುತ್ವದ ಹಾಗೆ ಕಂಡರೂ ಅಂತರ ಕಲ್ಲಾಗಿ ಉಳಿಯುತ್ತದೆ ಅನ್ನೋದು ಅವರ ವಾದ.

ನನ್ನ ಅಭಿಪ್ರಾಯ ಕೇಳಿದರೆ, ಕಾಫಿ ಶಾಲೆಯೊಳಗೆ ಬರಲಿ, ಆದರೆ ಲೆಕ್ಕವಾಗಿ, ವಿಜ್ಞಾನವಾಗಿ, ಇತಿಹಾಸವಾಗಿ ಬರಲಿ. ಕೂಲಿ ಅಭ್ಯಾಸವಾಗಿ ಬೇಡ. ಔಟ್‌ಟರ್ನ್ ಲೆಕ್ಕ ಮಾಲೀಕರ ಮಗಳಿಗೆ ಎಷ್ಟು ಬೇಕೋ ಲೈನ್ ಮನೆ ಹುಡುಗನಿಗೂ ಅಷ್ಟೇ ಬೇಕು. ಅವನ ಅಮ್ಮ ದಿನವಿಡೀ ಕುಯ್ದ ಕಾಯಿ ಸಾಯಂಕಾಲ ತಕ್ಕಡಿಗೆ ಬರುತ್ತದೆ, ತೋಟದ ಲೆಕ್ಕ ಬರೆಯುವ ರೈಟರ್ ಕೆ.ಜಿ. ಬರೆದುಕೊಳ್ಳುತ್ತಾರೆ. ಆ ಪುಸ್ತಕ ಓದಿ, ಕೂಡಿಸಿ, ಅಡ್ವಾನ್ಸ್ ಕಳೆದು, ಬಟವಾಡೆ ದಿನ ಕೈಗೆ ಎಷ್ಟು ಬರಬೇಕು ಅಂತ ಹೇಳುವುದೂ ಅದೇ ಗಣಿತ.

ಇದೇನು, ಶಾಲೆಯಲ್ಲಿ ಯೂನಿಯನ್ ಕಟ್ಟೋಕೆ ಹೇಳಿಕೊಡ್ತೀರಾ?

ಕೂಡಿಸೋದು ಕಳೆಯೋದು ಹೇಳಿಕೊಡುತ್ತೇನೆ. ಉಳಿದದ್ದು ಅವರವರ ಇಷ್ಟ.

ತಮಾಷೆ ಬಿಡಿ. ಫ್ರೇರಿ 1963ರಲ್ಲಿ ಬ್ರೆಜಿಲಿನ ಅಂಗಿಕೋಸ್ ಎಂಬ ಊರಲ್ಲಿ ಸುಮಾರು 300 ಕೂಲಿಕಾರರಿಗೆ ಓದು ಬರಹ ಕಲಿಸಿದರು. ಅವರ ದಿನದ ಬದುಕಿನ ಮಾತುಗಳನ್ನೇ ಎತ್ತಿಕೊಂಡು, ಅದರ ಮೇಲೆ ಚರ್ಚೆ ಮಾಡಿಸಿ, ಆಮೇಲೆ ಅಕ್ಷರ. ಮರುವರ್ಷ ಮಿಲಿಟರಿ ಆಡಳಿತ ಬಂತು, ಫ್ರೇರಿ ಜೈಲಿಗೆ ಹೋದರು, ಆಮೇಲೆ ದೇಶವನ್ನೇ ಬಿಡಬೇಕಾಯಿತು. ಯಾವ ಪಠ್ಯಕ್ರಮವೂ ತಟಸ್ಥ ಅಲ್ಲ ಅನ್ನೋದನ್ನು ಅವರಿಗಿಂತ ಚೆನ್ನಾಗಿ ಆ ಸರ್ಕಾರವೇ ತೋರಿಸಿಕೊಟ್ಟಿತು.

ಮಾತೃಭಾಷೆಯಲ್ಲಿ ಕಲಿಸಬೇಕು ಅಂತಾರೆ. ಕೊಡಗಿನಲ್ಲಿ ಯಾರ ಮಾತೃಭಾಷೆ?

ಬೆಂಗಳೂರಿನಲ್ಲಿ ಕೂತು ನೀತಿ ಬರೆಯುವವರಿಗೆ ಈ ಪ್ರಶ್ನೆ ಕೇಳಬೇಕು. ಸಿದ್ದಾಪುರದ ಕಡೆಯ ಒಂದು ಕ್ಲಾಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ತಮಿಳು, ಎರವ ಮಾತು, ಜೇನು ಕುರುಬರ ಮಾತು, ಈಗ ಅಸ್ಸಾಂ ಕಡೆಯಿಂದ ಬಂದವರ ಮಾತು, ಎಲ್ಲ ಇರಬಹುದು. ಕನ್ನಡ ಇಲ್ಲಿ ಎಷ್ಟೋ ಮಕ್ಕಳಿಗೆ ಎರಡನೇ ಭಾಷೆ. ಇಂಗ್ಲಿಷ್ ಮೂರನೆಯದು.

2009ರ ಶಿಕ್ಷಣ ಹಕ್ಕು ಕಾಯ್ದೆ ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲಿ ಕಲಿಸಿ ಅನ್ನುತ್ತದೆ. ಆ 'ಸಾಧ್ಯವಾದಷ್ಟೂ' ಅನ್ನೋದರಲ್ಲಿ ನಮ್ಮ ಜಿಲ್ಲೆ ಪೂರ್ತಿ ಮುಳುಗಿಹೋಗುತ್ತದೆ. ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿ ಎರಡೂ ಮಡಿಕೇರಿಯಲ್ಲಿವೆ. ಎರವ, ಕುರುಬ ಮಾತುಗಳಿಗೆ ಅಂಥ ಆಸರೆಯೂ ಇಲ್ಲ.

ಎಲ್ಲ ಭಾಷೆಗೂ ಪುಸ್ತಕ ಬರುವವರೆಗೆ ಕಾಯಬೇಕಾಗಿಲ್ಲ. ಮೊದಲ ಎರಡು ವರ್ಷ ಮಗು ಮನೆ ಮಾತಿನಲ್ಲಿ ಉತ್ತರ ಹೇಳಿದರೆ ಬೈಯದೆ ಕೇಳಿಸಿಕೊಳ್ಳಿ. ಅದನ್ನೇ ಬೋರ್ಡಿನ ಮೇಲೆ ಕನ್ನಡ ಲಿಪಿಯಲ್ಲಿ ಬರೆಯಿರಿ. ಪಕ್ಕದಲ್ಲಿ ಕನ್ನಡ ಪದ ಬರೆಯಿರಿ. ಹಾಡಿಯ ಯಾರಾದರೂ ಓದಿದ ಹುಡುಗಿಯನ್ನು ಸಹಾಯಕ್ಕೆ ಕರೆದರೆ ಇನ್ನೂ ಒಳ್ಳೆಯದು. ಇದಕ್ಕೆ ಸುತ್ತೋಲೆ ಬೇಕಿಲ್ಲ. ಒಂದನೇ ಕ್ಲಾಸಿನಲ್ಲಿ ಬಾಯಿ ಮುಚ್ಚಿ ಕೂತ ಎರವರ ಮಗು ದಡ್ಡ ಅಲ್ಲ. ಅದಕ್ಕೆ ಮೇಷ್ಟ್ರ ಭಾಷೆ ಗೊತ್ತಿಲ್ಲ, ಮೇಷ್ಟ್ರಿಗೆ ಅದರ ಭಾಷೆ ಗೊತ್ತಿಲ್ಲ. ಪ್ರೋಗ್ರೆಸ್ ಕಾರ್ಡಿನಲ್ಲಿ ಮಾತ್ರ ಮಗು ಒಂದೇ ಫೇಲ್.

ಹಾಗಾದರೆ ಇಂಗ್ಲಿಷ್ ಮೀಡಿಯಂ ಬೇಡ ಅಂತೀರಾ?

ಇಂಗ್ಲಿಷ್ ಬೇಕು. ಎಲ್ಲ ವಿಷಯವನ್ನೂ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷಿನಲ್ಲಿ ಕಲಿಯಬೇಕಾ ಅನ್ನೋದು ಬೇರೆ ಪ್ರಶ್ನೆ. ಕಾನೂನಿನ ಮಟ್ಟದಲ್ಲಿ ಇದು ಮುಗಿದ ಮಾತು: 2014ರಲ್ಲಿ ಸುಪ್ರೀಂ ಕೋರ್ಟ್, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ಪೋಷಕರದ್ದು ಅಂದಿತು. 2019ರಿಂದ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮ ವಿಭಾಗಗಳು ಶುರುವಾದವು. ಮಾಧ್ಯಮ ಯಾವುದೇ ಇರಲಿ, ಮೂರನೇ ಕ್ಲಾಸಿನ ಮಗುವಿಗೆ ವಿಜ್ಞಾನದ ಒಂದು ಪ್ಯಾರಾ ಓದಿಸಿ, ಪುಸ್ತಕ ಮುಚ್ಚಿ, "ಏನು ಹೇಳಿದೆ ಹೇಳು ಕಂದಾ" ಅಂತ ಯಾವ ಭಾಷೆಯಲ್ಲಾದರೂ ಕೇಳಿ. ಹೇಳಿದರೆ ನೆಮ್ಮದಿಯಿಂದ ಇರಿ.

ಟಿಪ್ಪು ಪಾಠ ಇರಬೇಕಾ, ಬೇಡವಾ?

ಕೊಡಗಿನಲ್ಲಿ ಪಠ್ಯಕ್ರಮ ಅಂದ ಕೂಡಲೇ ಈ ಪ್ರಶ್ನೆ ಬರುತ್ತದೆ, ಬರದೆ ಇರೋದಿಲ್ಲ. ಇಲ್ಲಿನ ಎಷ್ಟೋ ಮನೆಗಳ ನೆನಪಿನಲ್ಲಿ ಟಿಪ್ಪು ಅಂದರೆ ಅವನ ಸೈನ್ಯ ಕೊಡವರನ್ನು ಕೊಂದ ಜಾಗ ಅಂತ ಹೇಳುವ ದೇವಟ್ಟಿಪರಂಬು, ಸೆರೆ ಹೋದ ಕುಟುಂಬಗಳು. ರಾಜ್ಯದ ಬೇರೆ ಕಡೆ, ಬ್ರಿಟಿಷರ ವಿರುದ್ಧ ಹೋರಾಡಿ 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಸತ್ತ ರಾಜ. 2015ರಲ್ಲಿ ಸರ್ಕಾರಿ ಜಯಂತಿ ಶುರುವಾದಾಗ ಮಡಿಕೇರಿಯಲ್ಲಿ ಎಂಥ ಗಲಾಟೆ ಆಯಿತು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. 2019ರಲ್ಲಿ ಅದು ನಿಂತಿತು.

ಪಠ್ಯಕ್ರಮದ ಕಣ್ಣಿನಿಂದ ನೋಡಿದರೆ ಪ್ರಶ್ನೆ ಬೇರೆ: ಇತಿಹಾಸದ ಪಾಠ ಇರೋದು ಹೆಮ್ಮೆಪಡೋಕಾ, ಅಥವಾ ಹಿಂದೆ ಏನಾಯಿತು ಅಂತ ತೂಗಿ ನೋಡೋಕಾ? ಹೆಮ್ಮೆಗೆ ಅಂತಾದರೆ ಪ್ರತಿ ಸರ್ಕಾರ ಬಂದಾಗಲೂ ಪುಸ್ತಕ ತಿದ್ದಬೇಕಾಗುತ್ತದೆ. ಹಾಗೇ ಆಗುತ್ತಲೂ ಇದೆ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಎರಡು ಕಡೆಯ ಬರಹ ಕೊಟ್ಟು, ಇದನ್ನು ಯಾರು ಬರೆದರು, ಯಾವಾಗ ಬರೆದರು, ಯಾರಿಗೋಸ್ಕರ ಬರೆದರು ಅಂತ ಕೇಳುವ ಧೈರ್ಯ ಮೇಷ್ಟ್ರಿಗೆ ಇರಬೇಕು. ಪಾಠ ಕಿತ್ತುಹಾಕಿದರೆ ಆ ಪ್ರಶ್ನೆ ಕೇಳುವ ಅವಕಾಶವೇ ಹೋಗುತ್ತದೆ. ಮಡಿಕೇರಿ ಕೋಟೆಯ ಬಳಿ 1837ರಲ್ಲಿ ಬ್ರಿಟಿಷರು ಗಲ್ಲಿಗೇರಿಸಿದ ಗುಡ್ಡೆಮನೆ ಅಪ್ಪಯ್ಯ ಗೌಡರ ಬಗ್ಗೆ ನಮ್ಮ ಮಕ್ಕಳಿಗೆ ಎಷ್ಟು ಗೊತ್ತು? ಆ ಜಗಳ ಯಾರೂ ಆಡಲ್ಲ.

ಕೊಡಗು ಅಂದರೆ ಸೈನ್ಯ. ಶಿಸ್ತು ಕಲಿಸೋದೇ ಶಾಲೆಯ ಕೆಲಸ ಅಲ್ವಾ?

ಕಾರ್ಯಪ್ಪ, ತಿಮ್ಮಯ್ಯನವರ ಊರಿನವರು ಹೀಗೆ ಕೇಳಿದರೆ ಆಶ್ಚರ್ಯ ಇಲ್ಲ. ಟೈಮಿಗೆ ಬರೋದು, ಹಿಡಿದ ಕೆಲಸ ಮುಗಿಸೋದು, ಜೊತೆಯವರನ್ನು ಬಿಟ್ಟುಕೊಡದೆ ಇರೋದು, ಇಷ್ಟು ಶಿಸ್ತು ಅಂತಾದರೆ ಖಂಡಿತ ಬೇಕು. ಬಾಯಿ ಮುಚ್ಚಿ ಕೂರೋದನ್ನೇ ಶಿಸ್ತು ಅನ್ನುವ ಶಾಲೆಗಳಿವೆ, ಅವುಗಳಿಗೆ ನನ್ನ ಸಮ್ಮತಿ ಇಲ್ಲ. ಹೊಡೆಯೋದಂತೂ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ನಿಷಿದ್ಧ.

ಎನ್‌ಇಪಿ, ಎಸ್‌ಇಪಿ ಅಂತಾರಲ್ಲ, ನಮ್ಮ ಮಕ್ಕಳಿಗೆ ಏನು ವ್ಯತ್ಯಾಸ?

ಕೇಂದ್ರದ 2020ರ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) 5+3+3+4 ವರ್ಷಗಳ ಹಂತ, ಮೂರು ಭಾಷೆ, 6ರಿಂದ 8ನೇ ತರಗತಿಯ ಮಕ್ಕಳಿಗೆ ಹತ್ತು ದಿನ ಬ್ಯಾಗ್ ಇಲ್ಲದೆ ಕಸುಬು ನೋಡಿ ಕಲಿಯುವುದು, ಇಂಥವನ್ನು ಹೇಳುತ್ತದೆ. ಕರ್ನಾಟಕ ಸರ್ಕಾರ ತನ್ನದೇ ರಾಜ್ಯ ಶಿಕ್ಷಣ ನೀತಿಗೆ (ಎಸ್‌ಇಪಿ) 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ಆಯೋಗ ಮಾಡಿತು. ಆಯೋಗ 2025ರ ಆಗಸ್ಟಿನಲ್ಲಿ ವರದಿ ಕೊಟ್ಟು ಎರಡು ಭಾಷೆ ಸಾಕು ಅಂದಿತು. ರಾಜಕೀಯದಲ್ಲಿ ಎರಡೂ ಬದ್ಧವೈರಿಗಳು. ಆದರೆ ಐದನೇ ಕ್ಲಾಸಿನವರೆಗೆ ಮಾತೃಭಾಷೆ ಅಥವಾ ನಾಡಭಾಷೆಯಲ್ಲಿ ಕಲಿಸಬೇಕು ಅನ್ನೋದರಲ್ಲಿ ಇಬ್ಬರದ್ದೂ ಒಂದೇ ಮಾತು. ಅದೇ ನಮ್ಮ ಜಿಲ್ಲೆಯಲ್ಲಿ ಜಾರಿ ಮಾಡೋಕೆ ಎಲ್ಲಕ್ಕಿಂತ ಕಷ್ಟದ ಭಾಗ.

ಆ ಹತ್ತು ದಿನದ ಬಗ್ಗೆ ಒಂದು ಮಾತು. ಕಾಫಿ ತೋಟಕ್ಕೆ ಕರೆದುಕೊಂಡು ಹೋಗುವ ಬದಲು ಕೆಇಬಿ ಲೈನ್‌ಮನ್, ಪಶು ವೈದ್ಯರು, ಬ್ಯಾಂಕ್, ಪತ್ರಿಕೆ ಆಫೀಸು ತೋರಿಸಿ. ತೋಟ ಹೇಗೂ ದಿನಾ ಕಾಣುತ್ತದೆ.

ಮಳೆ ರಜೆ ಕೊಟ್ಟು ಕೊಟ್ಟು ಪೋರ್ಷನ್ ಮುಗಿಯಲ್ಲ. ಏನು ಮಾಡೋದು?

ಜುಲೈಯಲ್ಲಿ ಡಿಸಿ ರಜೆ ಘೋಷಿಸುತ್ತಾರೆ, ಆಮೇಲೆ ಶನಿವಾರ ಪೂರ್ತಿ ದಿನ ಕ್ಲಾಸು ಇಟ್ಟು ಸರಿತೂಗಿಸುತ್ತಾರೆ. ಶಾಲೆ ಇದ್ದರೂ ಶೀಟ್ ಹಾಕಿದ ಕೋಣೆಯಲ್ಲಿ ಮಳೆ ಸದ್ದಿಗೆ ಮೇಷ್ಟ್ರ ಮಾತು ಎರಡನೇ ಬೆಂಚಿಗೂ ಕೇಳುವುದಿಲ್ಲ. ಮಳೆಗಾಲ ಮುಗಿದು ಪಾಠ ಓಡಬೇಕಾದ ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಶುರು, ಲೈನ್ ಮನೆ ಮಕ್ಕಳ ಹಾಜರಿ ಬೀಳುತ್ತದೆ. ಬಯಲುಸೀಮೆಗೆ ಮಾಡಿದ ಕ್ಯಾಲೆಂಡರ್ ಇಲ್ಲಿಗೆ ಒಗ್ಗುವುದಿಲ್ಲ. ಮೇ ತಿಂಗಳ ರಜೆ ಕಮ್ಮಿ ಮಾಡಿ ಜುಲೈಗೆ ಕೊಡಿ ಅನ್ನೋ ಮಾತು ಆಗಾಗ ಬರುತ್ತದೆ. ನನಗೂ ಅದು ಸರಿ ಅನ್ನಿಸುತ್ತದೆ.

ಶಾಲೆ ನಮ್ಮ ಮಕ್ಕಳಿಗೆ ಊರು ಬಿಡೋದನ್ನೇ ಕಲಿಸ್ತಿದೆ ಅಲ್ವಾ?

ಹೌದು, ಬಹಳ ಮಟ್ಟಿಗೆ. ಪುಸ್ತಕದಲ್ಲಿ ಬರುವ ಗೆದ್ದವರೆಲ್ಲ ನಗರದವರು. ಚೆನ್ನಾಗಿ ಓದಿದವರು ಬೆಂಗಳೂರಿಗೆ, ಓದದವರು ತೋಟಕ್ಕೆ ಅಂತ ನಾವೇ ಮನೆಯಲ್ಲಿ ಹೇಳುತ್ತೇವೆ. ಆಮೇಲೆ ತೋಟ ನೋಡಿಕೊಳ್ಳೋಕೆ ಯಾರೂ ಇಲ್ಲ ಅಂತ ಕೊರಗುತ್ತೇವೆ.

ಅದಕ್ಕೆ ಮಕ್ಕಳನ್ನು ಇಲ್ಲೇ ಕಟ್ಟಿಹಾಕುವ ಪಠ್ಯಕ್ರಮ ಬೇಕು ಅನ್ನುವವರ ಜೊತೆ ನಾನಿಲ್ಲ. ಹೋಗುವ ಹುಡುಗಿ ಹೋಗಲಿ. ಪೊನ್ನಂಪೇಟೆಯ ಅರಣ್ಯ ಕಾಲೇಜು ಇಲ್ಲೇ ಇದೆ ಅಂತ ಗೊತ್ತಿದ್ದೂ, ಆಯ್ಕೆ ಮಾಡಿ ಹೋಗಲಿ. ಇರೋದೇ ಗೊತ್ತಿಲ್ಲದೆ ಹೋಗೋದು ಬೇರೆ. ಇನ್ನು ಜೇನು ಕುರುಬರ ಹುಡುಗನಿಗೆ ಕಾಡಿನ ಬಗ್ಗೆ ಗೊತ್ತಿರುವುದು ವಿಜ್ಞಾನದ ಪಾಠದಲ್ಲಿ ಎಲ್ಲೂ ಮಾರ್ಕ್ಸ್ ತರೋದಿಲ್ಲ. ಅವನು ಊರು ಬಿಡುವ ಮೊದಲು ಶಾಲೆಯನ್ನೇ ಬಿಡುತ್ತಾನೆ.

ಪೋಷಕರಾಗಿ ನಾವು ಏನು ಮಾಡಬಹುದು?

ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಕಾಯ್ದೆ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಸುಣ್ಣ ಬಣ್ಣ, ಕಾಂಪೌಂಡ್, ಸ್ವಾತಂತ್ರ್ಯ ದಿನದ ಸ್ವೀಟು, ಇಷ್ಟಕ್ಕೇ ಮೀಟಿಂಗ್ ಮುಗಿಸಬೇಡಿ. ನಲಿಕಲಿ ಕಾರ್ಡುಗಳು ಪೂರ್ತಿ ಇವೆಯಾ, ಲೈಬ್ರರಿ ಬೀರು ಬೀಗದ ಕೈ ಯಾರ ಹತ್ತಿರ ಇದೆ, ಕೊಯ್ಲಿನ ಟೈಮಿನಲ್ಲಿ ತಪ್ಪಿಸಿಕೊಂಡ ಮಕ್ಕಳಿಗೆ ಮಾರ್ಚ್ ಒಳಗೆ ಏನು ವ್ಯವಸ್ಥೆ, ಹಾಡಿ ಮಕ್ಕಳು ಎಲ್ಲಿ ಕೂರುತ್ತಾರೆ ಅಂತ ಕೇಳಿ. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಖಾಸಗಿ ಶಾಲೆಯಾದರೆ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಮಾರ್ಕ್ಸ್ ಕಾರ್ಡ್ ನೋಡಿ ಎದ್ದು ಬರುವ ಬದಲು ಮಗುವಿನ ನೋಟ್‌ಬುಕ್ ತೆಗೆಸಿ ನೋಡಿ. ಬೋರ್ಡಿನಿಂದ ಕಾಪಿ ಮಾಡಿದ ಪುಟಗಳು ಎಷ್ಟು, ಮಗು ತಾನೇ ಯೋಚಿಸಿ ಬರೆದ ಪುಟಗಳು ಎಷ್ಟು? ಎರಡನೆಯದು ಒಂದೂ ಸಿಗದಿದ್ದರೆ ಕ್ಲಾಸ್ ಟೀಚರನ್ನು ಅಲ್ಲೇ ಕೇಳಿ. ಹೆದರಬೇಡಿ, ಎಷ್ಟೋ ಟೀಚರುಗಳು ಯಾರಾದರೂ ಕೇಳಲಿ ಅಂತಲೇ ಕಾಯುತ್ತಿರುತ್ತಾರೆ.